ಒಂದು ಪಂಪಿಗೆ ಒಂದು ಮುಚ್ಚಳ

"ಯಾರನ್ನ ಕೇಳಿ ಒಳಗ ಬಂದ್ರಿ?"

ಭಾಗ್ಯಜ್ಯೋತಿಯ ದನಿಗೆ ಆ ಮನುಷ್ಯ ಬೆಚ್ಚಲಿಲ್ಲ. ನಿಂಬೆ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಷ್ಟಿ ತುಂಬ ಹಸಿಮಣ್ಣು ಹಿಡಿದು ಮೂಸಿ ನೋಡುತ್ತಿದ್ದ. ಬದುವಿನ ಮೇಲೆ ಅವನ ಸೈಕಲ್ ಮಲಗಿತ್ತು.

"ಗಿಡಕ್ಕ ನೀರ ಭಾಳ ಆಗೈತ್ರಿ," ಎಂದ, ಅವಳ ಕಡೆ ನೋಡದೆಯೇ. "ಬೇರ ಕೊಳಿಯಾಕತ್ತಾವ."

"ನಮ್ಮ ಗಿಡ, ನಮ್ಮ ಬಾವಿ, ನಮ್ಮ ನೀರ. ನಿಮಗೇನ್ರಿ?"

ಆಗ ಅವನು ತಲೆಯೆತ್ತಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳನ್ನು ಒಂದು ಕ್ಷಣ ನೋಡಿದ.

"ಅದು ಗಿಡಕ್ಕ ಗೊತ್ತಿಲ್ರಲ್ಲ," ಎಂದ.

ಆ ಮಾತಿಗೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅದು 1998ರ ಜೂನ್ ತಿಂಗಳು. ಇಂಡಿ ತಾಲೂಕಿನ ಹೊರ್ತಿಯಲ್ಲಿ ಶ್ರೀಶೈಲಪ್ಪನವರ ನಿಂಬೆ ತೋಟವೆಂದರೆ ಎಲ್ಲರಿಗೂ ಗೊತ್ತು. ನೂರ ಇಪ್ಪತ್ತು ಗಿಡ. ಎರಡು ವರ್ಷದ ಹಿಂದೆ ಚಕ್ಕಡಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಶ್ರೀಶೈಲಪ್ಪ ಕೋಲು ಹಿಡಿದು ಅಂಗಳದವರೆಗೆ ಬರುವುದೇ ಹೆಚ್ಚಾಗಿತ್ತು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಒಬ್ಬಳೇ ಮಗಳು ಭಾಗ್ಯಜ್ಯೋತಿ ತೋಟ ನೋಡಿಕೊಳ್ಳತೊಡಗಿದಳು. ಅವಳ ಕಾಕಾನಿಗೆ, ಅಪ್ಪನ ತಮ್ಮನಿಗೆ, ಅದು ಸೇರುತ್ತಿರಲಿಲ್ಲ. ಹೆಣ್ಣುಹುಡುಗಿಯ ಕೈಗೆ ತೋಟ ಕೊಟ್ಟು ಅಣ್ಣ ಕೆಟ್ಟ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅಪ್ಪ ಮಾತ್ರ ಬಂದವರೆದುರು, "ನನ್ನ ಜ್ಯೋತಿ ಕೈಯಾಗ ಒಂದ ಎಲಿ ಸುದ್ದ ಬಾಡೂದಿಲ್ಲ," ಎನ್ನುತ್ತಿದ್ದ.

ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಹೆಮ್ಮೆಯಾಗುತ್ತಿತ್ತು. ಜೊತೆಗೆ ಸಣ್ಣ ಅಂಜಿಕೆಯೂ.

ಸೈಕಲ್ಲಿನ ಮನುಷ್ಯ ಸಿದ್ದಲಿಂಗ. ಹೊಸದಾಗಿ ಬಂದ ತೋಟಗಾರಿಕೆ ಸಹಾಯಕ. ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರದವನು, ಹೊರ್ತಿಯಲ್ಲೇ ಒಂದು ಬಾಡಿಗೆ ಖೋಲಿ ಹಿಡಿದಿದ್ದ. ಅವನನ್ನು ಕರೆಸಿದ್ದು ತಾನೇ ಎಂದು ಸಂಜೆ ಅಪ್ಪ ಹೇಳಿದಾಗ ಭಾಗ್ಯಜ್ಯೋತಿ ಮುಖ ತಗ್ಗಿಸಿ ಒಳಗೆ ಹೋದಳು.

ಮರುದಿನದಿಂದ ನೀರು ಕಡಿಮೆ ಮಾಡಿದಳು. ಅವನಿಗೆ ಹೇಳಲಿಲ್ಲ. ಹದಿನೈದು ದಿನ ಬಿಟ್ಟು ಬಂದ ಅವನು ಮಣ್ಣು ಮುಟ್ಟಿ ನೋಡಿ ನಕ್ಕ.

ಆಮೇಲೆ ಅವನು ವಾರಕ್ಕೊಮ್ಮೆ ಬರತೊಡಗಿದ. ಒಣಗುವ ಟೊಂಗೆ ಯಾವುದು, ಎಲೆ ಹಳದಿಯಾದರೆ ಏನು ಬೇಕು, ಹೂವಿಗೆ ಮೊದಲು ನೀರು ನಿಲ್ಲಿಸಿ ಗಿಡವನ್ನು ಎಷ್ಟು ದಿನ ಬಾಡಿಸಬೇಕು... ಒಂದೊಂದನ್ನೂ ತೋರಿಸಿ ಹೇಳುತ್ತಿದ್ದ. ಅವಳು ಕೇಳುವ ಪ್ರಶ್ನೆಗಳಿಗೆ ಕೆಲವೊಮ್ಮೆ, ನನಗೆ ಗೊತ್ತಿಲ್ಲ, ಓದಿ ಹೇಳುತ್ತೇನೆ ಎನ್ನುತ್ತಿದ್ದ.

ಅವಳು ಮನಸ್ಸು ಕೊಟ್ಟದ್ದು ಆಗಸ್ಟಿನ ಒಂದು ಮುಂಜಾನೆ. ಹಿಂದಿನ ದಿನ ಅವನು ಒಣಗಿದ ಟೊಂಗೆಗಳನ್ನು ಒಣಗಿದಲ್ಲಿಗೇ ಕತ್ತರಿಸಿ ಎಂದು ಹೇಳಿ ಹೋಗಿದ್ದ. ಮುಂಜಾನೆ ಇಂಡಿಗೆ ಮೀಟಿಂಗಿಗೆಂದು ಬಸ್ಸು ಹತ್ತಿದವನು ಅರ್ಧ ದಾರಿಯಲ್ಲಿ ಇಳಿದು, ನಡೆದುಕೊಂಡೇ ತೋಟಕ್ಕೆ ಬಂದಿದ್ದ. ಅಂಗಿ ಬೆವರಿಗೆ ಅಂಟಿತ್ತು.

"ನಿನ್ನಿ ನಾ ಹೇಳಿದ್ದು ತಪ್ಪರಿ," ಎಂದ. "ಹಸರ ಇದ್ದಲ್ಲಿ ನಾಕ ಬೆರಳ ಒಳಗ ಹೋಗಿ ಕತ್ತರಸಬೇಕು. ಇಲ್ಲಂದ್ರ ರೋಗ ಉಳೀತೈತಿ."

"ಮೀಟಿಂಗ್ ಇತ್ತಲ್ರಿ?"

"ಬೈಸ್ಕೊಂಡ್ರಾತು."

ಅವನು ಹೋದ ಮೇಲೂ ಅವಳು ಕತ್ತರಿ ಹಿಡಿದು ಅಲ್ಲೇ ನಿಂತಿದ್ದಳು. ತಪ್ಪು ಎಂಬ ಮಾತನ್ನು ಯಾರಾದರೂ ಇಷ್ಟು ಹಗುರಾಗಿ ಹೇಳಿದ್ದನ್ನು ಅವಳು ನೋಡಿರಲಿಲ್ಲ. ಅಪ್ಪ ಹೇಳುತ್ತಿರಲಿಲ್ಲ. ಕಾಕಾನಂತೂ ಹೇಳುವವನೇ ಅಲ್ಲ. ತಾನೂ... ಎಂದಾದರೂ ಹೇಳಿದ್ದು ನೆನಪಾಗಲಿಲ್ಲ.

ಇಂಥವನ ಜೊತೆ ಬಾಳಿದರೆ ಮನೆಯಲ್ಲಿ ಯಾರಿಗೂ ಅಂಜಿಕೆ ಇರಲಿಕ್ಕಿಲ್ಲ ಅಂತ ಅನಿಸಿತು. ಅನಿಸಿದ್ದಕ್ಕೆ ತಾನೇ ನಾಚಿ ಟೊಂಗೆ ಕತ್ತರಿಸಲು ಕೂತಳು.

* * *

ದೀಪಾವಳಿಯ ಹೊತ್ತಿಗೆ ತೋಟ ಬೆಳ್ಳಗೆ ಹೂ ಬಿಟ್ಟಿತು. ಬೇಸಿಗೆಯಲ್ಲಿ ಕಾಯಿ ಕೊಡುವ ಹೂವು ಅದು, ವರ್ಷದ ಆಸೆಯೆಲ್ಲ ಅದರ ಮೇಲೆಯೇ. ಉದುರದಂತೆ ಬೆನ್ನಿನ ಪಂಪಿನಲ್ಲಿ ಹೊಡೆಯಲು ಸಿದ್ದಲಿಂಗ ಒಂದು ಬಾಟಲಿ ಔಷಧಿ ತಂದುಕೊಟ್ಟ. ಬಾಟಲಿಗೆ ಹೊರಗೊಂದು ದೊಡ್ಡ ಮುಚ್ಚಳ, ಅದರೊಳಗೆ ಹೆಬ್ಬೆರಳಿನ ತುದಿಯಷ್ಟು ಸಣ್ಣದೊಂದು.

"ಒಂದು ಪಂಪಿಗೆ ಒಂದು ಮುಚ್ಚಳ. ಒಳಗಿನ ಸಣ್ಣದು," ಎಂದ. ಸೈಕಲ್ ಹತ್ತುವವನು ತಡೆದು ನಿಂತ. ಹಬ್ಬ ಮುಗಿದ ಮೇಲೆ ಅವ್ವನನ್ನು ಕರೆದುಕೊಂಡು ಬರುತ್ತೇನೆ, ತೋಟ ನೋಡಬೇಕಂತೆ ಎಂದು ಬದುವಿನ ಕಡೆ ನೋಡುತ್ತ ಹೇಳಿದ. ಅವನ ಕಿವಿ ಕೆಂಪಾಗಿತ್ತು.

ಇಂಗಳೇಶ್ವರದಿಂದ ಒಬ್ಬ ತಾಯಿ ಹೊರ್ತಿಗೆ ನಿಂಬೆ ಗಿಡ ನೋಡಲು ಬರುವುದಿಲ್ಲ. ಅವನು ಮರೆಯಾಗುವವರೆಗೂ ಭಾಗ್ಯಜ್ಯೋತಿ ದಾರಿ ನೋಡುತ್ತ ನಿಂತಿದ್ದಳು.

ಮರುದಿನ ಔಷಧಿ ಕಲಸುವಾಗಲೂ ಅವಳ ತಲೆಯಲ್ಲಿ ಅದೇ ಮಾತು ಓಡುತ್ತಿತ್ತು. ಪಂಪು ಬೆನ್ನಿಗೆ ಕಟ್ಟಿಕೊಂಡು ಹೊಡೆಯುವವನು ಕಾಸಿಂಸಾಬ. ಅವಳು ಹುಟ್ಟುವ ಮೊದಲಿನಿಂದ ತೋಟದಲ್ಲಿ ದುಡಿದವನು. ಅವಳು ದೊಡ್ಡ ಮುಚ್ಚಳಕ್ಕೆ ಔಷಧಿ ಸುರಿಯುವುದನ್ನು ನೋಡಿ, ಸಣ್ಣದರಲ್ಲಿ ಅಳೆಯಬೇಕೇನೋ ಎಂದು ಅನುಮಾನದಿಂದ ಕೇಳಿದ.

"ಮುಚ್ಚಳ ಅಂದ್ರ ಇದ, ಕಾಸಿಂಕಾಕಾ," ಎಂದಳು ಅವಳು. ತನಗೆ ಗೊತ್ತಿಲ್ಲ ಎಂದು ಅವನಿಗೆ ಅನಿಸಬಾರದಿತ್ತು.

ನಾಲ್ಕನೆಯ ದಿನ ಎಲೆಗಳು ಮುರುಟಿದವು. ಐದನೆಯ ದಿನ ಹೂವೆಲ್ಲ ಸುಟ್ಟಂತೆ ಕಂದಾಗಿ ಬುಡದಲ್ಲಿ ರಾಶಿ ಬಿತ್ತು.

ಗಿಡಗಳ ನಡುವೆ ನಿಂತ ಭಾಗ್ಯಜ್ಯೋತಿಗೆ ಅವನ ಮಾತು ಅಕ್ಷರ ಬಿಡದೆ ಕೇಳಿಸಿತು. ಒಳಗಿನ ಸಣ್ಣದು... ಒಳಗಿನ ಸಣ್ಣದು ಅಂದಿದ್ದ!

ಬಗ್ಗಿ ಒಂದು ಮುಷ್ಟಿ ಸುಟ್ಟ ಹೂ ಎತ್ತಿಕೊಂಡಳು.

ಮಧ್ಯಾಹ್ನ ಅಂಗಳದಲ್ಲಿ ಜನ ಕೂಡಿದ್ದರು. ಅಪ್ಪ ಹಗ್ಗದ ಹೊರಸಿನ ಮೇಲೆ, ಪಕ್ಕದಲ್ಲಿ ಕಾಕಾ, ನೆರೆಯ ತೋಟದ ನಾಲ್ಕಾರು ಮಂದಿ. ಸುದ್ದಿ ಕೇಳಿ ಓಡಿಬಂದಿದ್ದ ಸಿದ್ದಲಿಂಗ ಬಿಸಿಲಲ್ಲಿ ನಿಂತಿದ್ದ. ಎಂದೂ ದನಿ ಎತ್ತದ ಅಪ್ಪ ಅಂದು ಕೂಗಾಡಿದ. ಸರಕಾರದ ಪಗಾರ ತಿಂದು ರೈತರ ಬಾಯಿಗೆ ಮಣ್ಣು ಹಾಕುತ್ತೀರಿ ಎಂದ. ಇನ್ನೂ ಕೆಟ್ಟ ಮಾತುಗಳನ್ನಾಡಿದ. ಸಿದ್ದಲಿಂಗ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಅಳತೆ ಏನು ಹೇಳಿದ್ದಿರಿ ಎಂದು ಕಾಕಾ ಕೇಳಿದ.

"ಒಂದು ಪಂಪಿಗೆ ಒಂದು ಮುಚ್ಚಳ... ಒಳಗಿಂದು ಅಂತನೂ ಅಂದಿದ್ನಿ ಅನಸ್ತೈತ್ರಿ."

"ಅನಸ್ತೈತಿ ಅಂದ್ರೇನ?"

ಸಿದ್ದಲಿಂಗ ಭಾಗ್ಯಜ್ಯೋತಿಯ ಕಡೆ ತಿರುಗಿದ. ಅವನ ಕಣ್ಣಲ್ಲಿ ಆರೋಪವಿರಲಿಲ್ಲ. ಅಲ್ಲಿದ್ದವರಲ್ಲಿ ತನಗೆ ನಿಜ ಹೇಳುವವಳು ಇವಳೊಬ್ಬಳೇ ಎಂಬ ನಂಬಿಕೆಯಿತ್ತು.

"ನಿಮಗ ನೆನಪ ಐತೇನ್ರಿ? ನಾ ಏನ ಅಂದಿದ್ನಿ?"

ಅವಳಿಗೆ ಅಪ್ಪನ ಮುಖ ಕಂಡಿತು. ಕಾಕಾನ ಮುಖ ಕಂಡಿತು. ನಿಜ ಹೇಳಿದರೆ ತೋಟ ನಾಳೆಯೇ ಕಾಕಾನ ಕೈಗೆ. ಅಪ್ಪ ಇನ್ನೆಂದೂ ಯಾರೆದುರೂ ಎಲೆ ಬಾಡದೆಂಬ ಆ ಮಾತು ಆಡುವುದಿಲ್ಲ...

"ಒಂದು ಮುಚ್ಚಳ ಅಂದಿದ್ರಿ," ಎಂದಳು.

ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ನಿಜ ಮಾತ್ರ ಅರ್ಧಕ್ಕೆ ನಿಂತಿತ್ತು.

ಸಿದ್ದಲಿಂಗ ತನ್ನ ನೆನಪಿಗಿಂತ ಅವಳ ಮಾತನ್ನೇ ಹೆಚ್ಚು ನಂಬಿದ.

"ಹಂಗಾದ್ರ ತಪ್ಪು ನಂದರಿ," ಎಂದ.

ಗೋಡೆಗೊರಗಿ ನಿಂತಿದ್ದ ಕಾಸಿಂಸಾಬ ಒಮ್ಮೆ ಭಾಗ್ಯಜ್ಯೋತಿಯನ್ನು ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಗೆ ಹೋದ.

ಅಪ್ಪ ಬರೆಸಿದ ದೂರು ಮೇಲಿನವರಿಗೆ ಮುಟ್ಟಿತು. ಸಂಕ್ರಾಂತಿಗೆ ಮೊದಲೇ ಸಿದ್ದಲಿಂಗನಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಹೋಗುವ ಮೊದಲು ಮೂರು ಭಾನುವಾರ ತೋಟಕ್ಕೆ ಬಂದು, ಕಾಸಿಂಸಾಬನ ಜೊತೆ ಸೇರಿ ಸುಟ್ಟ ಟೊಂಗೆ ಕತ್ತರಿಸಿ, ಉಳಿಯುವ ಗಿಡಗಳನ್ನು ಉಳಿಸಿದ. ಮನೆಯ ಕಡೆ ತಲೆ ಹಾಕಲಿಲ್ಲ. ಅವನ ತಾಯಿ ಬರುವ ಮಾತು ಅಲ್ಲಿಗೇ ನಿಂತಿತು. ಭಾಗ್ಯಜ್ಯೋತಿ ಆ ಮೂರೂ ಭಾನುವಾರ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು.

* * *

ಒಂದು ವರ್ಷ ಕಳೆಯಿತು. ಹನ್ನೊಂದು ಗಿಡ ಸತ್ತವು, ಉಳಿದವು ಚಿಗುರಿದವು. ಅವಳ ತಾಯಿ ಚನ್ನವ್ವ ಎರಡು ಸಂಬಂಧ ನೋಡಿದಳು. ಭಾಗ್ಯಜ್ಯೋತಿ ಎರಡಕ್ಕೂ ಬೇಡವೆಂದಳು.

ತನಗೆ ತಾನೇ ಅವಳು ಎಷ್ಟೋ ಸಮಾಧಾನ ಹೇಳಿಕೊಂಡಿದ್ದಳು. ಕೈತಪ್ಪು ಯಾರಿಗೂ ಆಗುತ್ತದೆ. ಅವನಿಗೆ ಆದದ್ದಾದರೂ ಏನು, ವರ್ಗ ಎಲ್ಲರಿಗೂ ಆಗುತ್ತದೆ. ಅವನು ಅಲ್ಲಿ ಚೆನ್ನಾಗಿಯೇ ಇದ್ದಾನು...

ಡಿಸೆಂಬರಿನಲ್ಲಿ ಒಂದು ದಿನ, ಸಿದ್ದಲಿಂಗನ ಜಾಗಕ್ಕೆ ಬಂದಿದ್ದ ಬಾಬುಲಾಲ ತೋಟ ನೋಡಲು ಬಂದ. ಚಹಾ ಕುಡಿಯುತ್ತ ಅದೂ ಇದೂ ಮಾತಾಡುವಾಗ ಮುದ್ದೇಬಿಹಾಳದ ಮಾತು ಬಂತು. ಸಿದ್ದಲಿಂಗ ಈಗ ಹೊಲಗಳಿಗೆ ಹೋಗುವುದಿಲ್ಲ, ಕೇಳಿಕೊಂಡು ಮೇಜಿನ ಕೆಲಸ ಹಾಕಿಸಿಕೊಂಡಿದ್ದಾನೆ ಎಂದ. ಯಾರಾದರೂ ರೈತರು ಬಂದು ಔಷಧಿಯ ಅಳತೆ ಕೇಳಿದರೆ ಬೇರೆಯವರನ್ನು ಕೇಳಿ ಎನ್ನುತ್ತಾನಂತೆ. ಒಮ್ಮೆ ಬಹಳ ಒತ್ತಾಯ ಮಾಡಿದಾಗ ಚೀಟಿ ಬರೆದು, ಕೊಡಲಾರದೆ ಹರಿದು ಹಾಕಿದನಂತೆ.

"ಅಂವ ಭಾಳ ಶ್ಯಾಣ್ಯಾ ಇದ್ದ. ಏನಾತೋ ಏನೋ," ಎಂದು ಬಾಬುಲಾಲ ಚಹಾದ ಬಸಿ ಕೆಳಗಿಟ್ಟ.

ಭಾಗ್ಯಜ್ಯೋತಿ ಆ ದಿನ ಊಟ ಮಾಡಲಿಲ್ಲ.

ದೊಡ್ಡ ಮುಚ್ಚಳದಲ್ಲಿ ಅಳೆದದ್ದು ಒಂದು ಮುಂಜಾನೆಯ ತಪ್ಪು. ಅದು ಅಂದೇ ಮುಗಿದಿತ್ತು. ಅಂಗಳದಲ್ಲಿ ಅರ್ಧಕ್ಕೆ ನಿಲ್ಲಿಸಿದ ಮಾತು ಮಾತ್ರ ಮುಗಿದಿರಲಿಲ್ಲ. ತಾನು ಉಂಡು ಮಲಗಿ ಎದ್ದು ತಿರುಗಾಡಿದ ಒಂದೊಂದು ದಿನವೂ ಅದು ಮುದ್ದೇಬಿಹಾಳದಲ್ಲಿ ಕೂತು ಒಬ್ಬ ಮನುಷ್ಯನನ್ನು ತಿನ್ನುತ್ತಿತ್ತು.

ಮರುದಿನ ಕಾಸಿಂಸಾಬನಿಗೆ ಎಲ್ಲ ಹೇಳಿ, ಇಷ್ಟು ದಿನ ನೀನೇಕೆ ಸುಮ್ಮನಿದ್ದೆ ಎಂದು ಕೇಳಿದಳು.

"ನೀ ಹೇಳ್ತಿ ಅಂತ ದಾರಿ ಕಾಯಾಕತ್ತಿದ್ನಿ, ಜ್ಯೋತೆವ್ವ," ಎಂದ ಅವನು. "ನಾ ಹೇಳಿದ್ರ ನಿನಗೇನ ಉಳೀತಿತ್ತು?"

* * *

ಬಿಜಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬಾಗೇವಾಡಿ ಮೇಲೆ ಮುದ್ದೇಬಿಹಾಳಕ್ಕೆ ಇನ್ನೊಂದು. ಗೆಳತಿಯ ಮನೆಗೆಂದು ಹೇಳಿ ಹೊರಟಿದ್ದಳು. ಕಿಟಕಿಯಾಚೆ ಬಿಳಿಜೋಳದ ಹೊಲಗಳು ತೆನೆಗಟ್ಟಿ ನಿಂತಿದ್ದವು. ಅವಳು ಹೇಳಬೇಕಾದ ಮಾತನ್ನು ನೂರು ಸಲ ಜೋಡಿಸಿಕೊಂಡಳು.

ಕಚೇರಿಯ ಪಡಸಾಲೆಗೆ ಬಂದ ಸಿದ್ದಲಿಂಗ ಸೊರಗಿದ್ದ. ಅವಳನ್ನು ನೋಡಿದ ಕೂಡಲೇ, ಗಿಡ ಹೇಗಿವೆ ಎಂದು ಕೇಳಿದ.

ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು.

"ಒಳಗಿನ ಸಣ್ಣದು ಅಂತ ನೀವು ಅಂದಿದ್ರಿ," ಎಂದಳು. "ನಾ ದೊಡ್ಡದರಾಗ ಹಾಕೀನಿ. ಆ ದಿನ ಅಂಗಳದಾಗ ನನಗ ಪೂರಾ ನೆನಪಿತ್ತು. ಅಂಜಿ ಹೇಳಲಿಲ್ಲ."

ಅವನು ಗೋಡೆಗೆ ಕೈಯೂರಿದ. ಒಂದೇ ಮಾತು ಕೇಳಿದ.

"ಅಂದಿದ್ನಿ? ಖರೇನ?"

"ಖರೇ ಅಂದಿದ್ರಿ."

ಸಿದ್ದಲಿಂಗ ಅಲ್ಲಿದ್ದ ಬೆಂಚಿನ ಮೇಲೆ ಕೂತ. ಅವನ ಮುಖದಲ್ಲಿ ಮೊದಲು ಬಂದದ್ದು ನೆಮ್ಮದಿ. ಅದರ ಹಿಂದೆಯೇ ಸಿಟ್ಟು ಬಂತು. ಅವನಿಗೆ ಸಿಟ್ಟು ಬಂದದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ವರ್ಗ ಆತು, ಹೋಗ್ಲಿ. ನಿಮ್ಮಪ್ಪ ಅಂದ್ರು, ಹೋಗ್ಲಿ. ಒಂದ ವರ್ಷ ನಾ ನನ್ನ ಬಾಯಿನ್ನ ನಂಬಿಲ್ರಿ. ಅಂದಿದ್ನೋ ಇಲ್ಲೋ, ಅಂದಿದ್ನೋ ಇಲ್ಲೋ... ದಿನಾ. ನಿಮಗ ಗೊತ್ತಿತ್ತು."

ಅವಳು ಹೌದೆಂದು ತಲೆಯಾಡಿಸಿದಳು. ಕ್ಷಮಿಸಿ ಎನ್ನಲು ಬಂದವಳು ಆ ಮಾತನ್ನು ಬಾಯಿಗೆ ತರಲಾರದೆ ಹೋದಳು. ಅದು ಅವನಿಂದ ಇನ್ನೂ ಏನನ್ನೋ ಕೇಳಿದಂತಾಗುತ್ತಿತ್ತು.

"ಈಗ ಹೋಗ್ರಿ," ಎಂದ ಸಿದ್ದಲಿಂಗ, ಮೆಲ್ಲಗೆ. "ಬಸ್ಸಿಗೆ ಹೊತ್ತಾಗ್ತೈತಿ."

ತಿರುಗಿ ಬರುವ ಬಸ್ಸಿನಲ್ಲಿ ಅವಳು ಅಳಲಿಲ್ಲ. ಒಂದು ಸಂಗತಿ ಮಾತ್ರ ಅವಳಿಗೆ ಸ್ಪಷ್ಟವಾಯಿತು. ಊರೆದುರು ಅವನ ಮೇಲೆ ಹೊರಿಸಿದ ಭಾರ, ಪಡಸಾಲೆಯಲ್ಲಿ ಅವನೊಬ್ಬನ ಕಿವಿಗೆ ನಿಜ ಹೇಳಿ ಬಂದರೆ ಇಳಿಯುವುದಿಲ್ಲ.

ಮನೆಗೆ ಬಂದಾಗ ಅಂಗಳದಲ್ಲಿ ಕಾಕಾನೂ ಇದ್ದ. ಅವನು ಹೋಗಲಿ ಎಂದು ಅವಳು ಕಾಯಲಿಲ್ಲ. ಮುದ್ದೇಬಿಹಾಳಕ್ಕೆ ಹೋಗಿದ್ದು, ಹೋದ ಕಾರಣ, ಮುಚ್ಚಳ, ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಚನ್ನವ್ವ ಸೆರಗು ಬಾಯಿಗೆ ಹಿಡಿದಳು. ಕಾಕಾ ಮೊದಲು ನಕ್ಕ. ಆಮೇಲೆ, ಮುಗಿದುಹೋದದ್ದನ್ನು ಈಗ ಯಾಕೆ ಕೆದಕುವುದು, ಮನೆಯ ಮಾನ ಹೋಗುತ್ತದೆ ಎಂದ.

ಶ್ರೀಶೈಲಪ್ಪ ಕೈ ಚಾಚಿದ. ಅವಳು ಸೊಂಟದಿಂದ ತೋಟದ ಬಾವಿಯ ಮೋಟರ್ ಮನೆಯ ಕೀಲಿಕೈ ತೆಗೆದು ಆ ಕೈಯಲ್ಲಿಟ್ಟಳು.

ಎಂಟು ದಿನ ಅಪ್ಪ ಅವಳ ಜೊತೆ ಮಾತಾಡಲಿಲ್ಲ. ತೋಟಕ್ಕೆ ಕಾಸಿಂಸಾಬನೇ ನೀರು ಬಿಟ್ಟ. ಒಂಬತ್ತನೆಯ ದಿನ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಕೋಲು ಹಿಡಿದು, ಇಂಡಿಗೆ ಹೋಗಲು ಜೀಪು ಹೇಳು ಎಂದು ಕಾಸಿಂಸಾಬನನ್ನು ಕಳಿಸಿದ. ಮಗಳಿಗೆ, "ನೀನೂ ನಡಿ," ಎಂದ.

ತೋಟಗಾರಿಕೆ ಕಚೇರಿಯಲ್ಲಿ ಸಾಹೇಬರು ಕುರ್ಚಿ ಕೊಟ್ಟರೂ ಅಪ್ಪ ಕೂರಲಿಲ್ಲ.

"ನನ್ನ ಮಗಳ ಕೈ ತಪ್ಪೈತಿ. ನನ್ನ ಬಾಯಿ ತಪ್ಪೈತಿ," ಎಂದ. "ಎರಡೂ ಬರ್ಕೋರಿ. ಇಬ್ಬರೂ ಸಹಿ ಮಾಡ್ತೇವಿ."

ತಿರುಗಿ ಬರುವಾಗ ಜೀಪಿನಲ್ಲಿ ಅಪ್ಪ ಕೀಲಿಕೈಯನ್ನು ಅವಳ ಮಡಿಲಿಗೆ ಹಾಕಿದ. ತೋಟ ಮಾಡುವವರಿಗೆ ಅಷ್ಟು ಅಂಜಿಕೆ ಇದ್ದರೆ ಒಳ್ಳೆಯದೇ, ಆದರೆ ತನಗೆ ಅಂಜಬೇಡ ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದ. ಆಗ ಅವಳು ಅತ್ತಳು.

* * *

ಮುದ್ದೇಬಿಹಾಳದಿಂದ ಯಾವ ಸುದ್ದಿಯೂ ಬರಲಿಲ್ಲ. ಫೆಬ್ರುವರಿ, ಮಾರ್ಚ್... ಅವಳು ದಾರಿ ನೋಡುವುದನ್ನು ಬಿಟ್ಟಳು. ಅವನು ಬರಲೇಬೇಕೆಂದಿಲ್ಲ ಎಂದು ಮನಸ್ಸಿಗೆ ಒಪ್ಪಿಸಿದ್ದಳು. ಅವನಿಗೆ ಸೇರಿದ್ದನ್ನು ಅವನಿಗೆ ಕೊಟ್ಟಾಗಿತ್ತು.

ಏಪ್ರಿಲಿನ ಒಂದು ಭಾನುವಾರ, ಬಿಸಿಲು ಇಳಿಯುವ ಹೊತ್ತು. ಅವಳು ಕಾಯಿ ಕಿತ್ತು ಬುಟ್ಟಿ ತುಂಬುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಿರುಗಿದರೆ ಸಿದ್ದಲಿಂಗ ನಿಂತಿದ್ದ.

"ನೀವಿಬ್ರೂ ಸಹಿ ಮಾಡಿದ ಕಾಗದ ಮುಟ್ಟಿತ್ರಿ," ಎಂದ. "ಅವತ್ತ ಬರಬೇಕಂತ ಮಾಡಿದ್ನಿ. ಸಿಟ್ಟಿತ್ತು. ಸಿಟ್ಟ ಇಟ್ಕೊಂಡು ಬರೂದು ಬ್ಯಾಡ ಅಂತ ಬಿಟ್ನಿ."

"ಈಗ?"

"ಸ್ವಲ್ಪ ಐತ್ರಿ, ಇನ್ನೂ."

ಅವನು ಅದನ್ನು ಮುಚ್ಚಿಡಲಿಲ್ಲವೆಂಬುದೇ ಅವಳಿಗೆ ಸಾಕಾಯಿತು. ಬುಟ್ಟಿ ಕೆಳಗಿಟ್ಟಳು. ಅವನು ಹೇಳುತ್ತ ಹೋದ. ಮತ್ತೆ ಹೊಲಗಳಿಗೆ ಹೋಗುತ್ತಿದ್ದಾನೆ. ಹೋದ ವಾರ ಒಬ್ಬ ಮುದುಕ ದಾಳಿಂಬೆಗೆ ಎಷ್ಟು ಔಷಧಿ ಹಾಕಲಿ ಎಂದು ಕೇಳಿದ. ಸಿದ್ದಲಿಂಗ ಚೀಟಿ ಬರೆದುಕೊಟ್ಟ. ಹರಿದು ಹಾಕಲಿಲ್ಲ.

"ಅದನ್ನ ಯಾರಿಗೆರೆ ಹೇಳಬೇಕನಿಸ್ತು," ಎಂದ. "ಹೇಳಬೇಕಂದ್ರ ನಿಮ್ಮ ಹೊರ್ತು ಯಾರೂ ನೆನಪಾಗಲಿಲ್ಲ."

ಭಾಗ್ಯಜ್ಯೋತಿ ಗಿಡದ ಟೊಂಗೆ ಹಿಡಿದುಕೊಂಡಳು.

"ಆ ದಿನ ತ್ವಾಟ ಹೋಗ್ತೈತಿ ಅಂತ ಅಂಜಿದ್ನಿ," ಎಂದಳು. "ನೀವು ಹೋಗ್ತೀರಿ ಅನ್ನೂದು ತಲ್ಯಾಗ ಬರಲಿಲ್ಲ. ನೀವು ಹೋದ ಮ್ಯಾಲ ತ್ವಾಟ ಇಟ್ಕೊಂಡು ಏನ ಮಾಡೂದು, ತಿಳೀಲಿಲ್ರಿ."

ಗಿಡಗಳ ನಡುವೆ ಗಾಳಿ ಬೀಸಿತು. ದೂರದಲ್ಲಿ ಮನೆಯ ಅಂಗಳದಿಂದ ಹೆಂಗಸರ ಮಾತು ಕೇಳಿಸುತ್ತಿತ್ತು. ಒಂದು ದನಿ ಚನ್ನವ್ವನದು, ಇನ್ನೊಂದು ಅವಳಿಗೆ ಗೊತ್ತಿಲ್ಲದ್ದು.

"ನಮ್ಮವ್ವ ಬಂದಾಳ," ಎಂದ ಸಿದ್ದಲಿಂಗ. "ನಡದಿದ್ದನ್ನೆಲ್ಲಾ ಹೇಳೇನಿ. ಎಲ್ಲಾ ಕೇಳಿ, ಅಷ್ಟ ದೂರ ಬಸ್ಸಿನ್ಯಾಗ ಬಂದು ತನ್ನ ತಪ್ಪ ತಾನ ಹೇಳಿದ ಹುಡುಗೀನ ನಾ ನೋಡಬೇಕು ಅಂದ್ಳು."

"ನೋಡಿ ಏನಂತಾರ್ರಿ?"

"ಅವ್ವಂದು ನನಗ ಗೊತ್ತಿಲ್ಲ. ನಂದು ಹೇಳ್ತೇನಿ. ಮದುವಿ ಅಂತ ಆದ್ರ ನಿಮ್ಮನ್ನ. ಇಲ್ಲಂದ್ರ ಇಲ್ಲ."

ಅವಳು ತಲೆ ತಗ್ಗಿಸಿದಳು.

"ನಾ ಮತ್ತ ತಪ್ಪು ಮಾಡ್ತೇನ್ರಿ. ಒಂದಿಲ್ಲೊಂದು."

"ನಾನೂ ಮಾಡ್ತೇನಿ. ಆಗಿಂದಾಗ ಹೇಳ್ಕೊಂಡ್ರಾತು."

ಅವಳು ತಲೆ ತಗ್ಗಿಸಿಯೇ ಇದ್ದಳು. ಅವನು ಒಂದು ಹೆಜ್ಜೆ ಹತ್ತಿರ ಬಂದ. ಮೊದಲ ಸಲ ಅವಳನ್ನು ನೀನೆಂದು ಕರೆದ.

"ಜ್ಯೋತಿ... ನೀ ಅಳಾಕತ್ತಿ ಏನ?"

"ಇಲ್ರಿ," ಎಂದಳು.

ಆಮೇಲೆ ಅವಳು ಮುಖವೆತ್ತಿ ಅವನನ್ನು ನೋಡಿದಳು.

"ಹೌದ್ರಿ. ಅಳಾಕತ್ತೇನಿ."